ಚೊಣಕಕ್ಕೆ ಯಾವ ಕೊಕ್ಕೆ: ಅಗಲ ಬಾಯಿಯದೋ, ದುಂಡು ಬಾಗಿನದೋ?

ಗೋವೆಯ ಮಾಂಡೋವಿ, ಜುವಾರಿ ಅಳಿವೆಗಳಲ್ಲಿ ಮೆದು ಪ್ಲಾಸ್ಟಿಕ್ ಮೀನು ಕಟ್ಟಿ ಚೊಣಕವನ್ನು, ಅಂದರೆ ಏಷ್ಯಾದ ಸೀಬಾಸ್ ಮೀನನ್ನು, ಹಿಡಿಯಲು ಹೊರಡುವ ಕನ್ನಡಿಗರು ಮೊದಲು ನಿರ್ಧರಿಸಬೇಕಾದದ್ದು ಆಫ್‌ಸೆಟ್ ಕೊಕ್ಕೆಯ ಬಾಗಿನ ಆಕಾರವನ್ನು. ಅಮೆರಿಕದ ಸಿಹಿನೀರಿನ ಬಾಸ್ ಬೇಟೆಯಲ್ಲಿ ರೂಢಿಯಾದ ಈ ಕೊಕ್ಕೆಯಲ್ಲಿ ದಾರ ಕಟ್ಟುವ ಕಣ್ಣಿನ ಕೆಳಗೆ ಮೆಟ್ಟಿಲಿನಂಥ ಮಡಿಕೆಯಿದ್ದು, ಅದು ಪ್ಲಾಸ್ಟಿಕ್ಕಿನ ತಲೆಯನ್ನು ಜಾರದಂತೆ ಹಿಡಿಯುತ್ತದೆ. ಮೊನೆ ಅದರ ಮೈಯಲ್ಲಿ ಅಡಗುವುದರಿಂದ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳಿಗೆ ಸಿಲುಕುವುದು ಕಡಿಮೆ.

ದುಂಡು ಬಾಗಿನ ಕೊಕ್ಕೆ ಎರೆಹುಳುವಿನಂಥ ತೆಳ್ಳನೆಯ ಪ್ಲಾಸ್ಟಿಕ್ಕಿಗೆ ಚೆನ್ನ. ಬಾಲ ಬಡಿಯುವ ದಪ್ಪ ಮೀನಿನಾಕಾರಕ್ಕಾದರೆ ಅಗಲ ಬಾಯಿಯದೇ, ಅಂದರೆ ಮೊನೆಗೂ ಕೊಕ್ಕೆಯ ಕಾಂಡಕ್ಕೂ ನಡುವೆ ಹೆಚ್ಚು ಅಂತರವಿರುವುದೇ ಬೇಕು, ಏಕೆಂದರೆ ಮೀನು ಕಚ್ಚಿದಾಗ ಪ್ಲಾಸ್ಟಿಕ್ ಕುಗ್ಗಿ ಸರಿಯಲು ಜಾಗವಿಲ್ಲದಿದ್ದರೆ ಮೊನೆ ಸರಿಯಾಗಿ ಹೊರಬರುವುದೇ ಇಲ್ಲ. ಚೊಣಕಕ್ಕೆ ನನ್ನ ಆಯ್ಕೆ ಇದೇ: 4 ಇಂಚಿನ ಪ್ಲಾಸ್ಟಿಕ್ಕಿಗೆ 4/0 ಅಳತೆಯ ಕೊಕ್ಕೆ, 5 ಇಂಚಿನದಕ್ಕೆ ಅದಕ್ಕಿಂತ ದೊಡ್ಡದಾದ 5/0, ಅದೂ ದಪ್ಪ ತಂತಿಯದು. ಸಪೂರ ತಂತಿ ಸುಲಭವಾಗಿ ಚುಚ್ಚುತ್ತದೆ ನಿಜ, ಆದರೆ ಬೇರುಗಳತ್ತ ನುಗ್ಗುವ ದೊಡ್ಡ ಮೀನನ್ನು ಬಲವಾಗಿ ತಡೆದಾಗ ಅದು ನೆಟ್ಟಗಾಗಿಬಿಡಬಹುದು.

ಮೊನೆ ಪಕ್ಕಕ್ಕೆ ವಾಲಿದ ಕೊಕ್ಕೆಗಳೂ ಸಿಗುತ್ತವೆ. ಅವು ದವಡೆಗೆ ಬೇಗ ನಾಟುತ್ತವೆಯಾದರೂ ಪ್ಲಾಸ್ಟಿಕ್ಕಿನ ನಡುಗೆರೆ ಬಿಟ್ಟು ಪಕ್ಕದಲ್ಲಿ ಇಣುಕುವುದರಿಂದ, ಬೇರು ದಟ್ಟವಾಗಿರುವ ಕಡೆ ನೇರ ಮೊನೆಯದನ್ನೇ ಕಟ್ಟುವುದು ಲೇಸು.