ಲೇಬಲ್ ಇಲ್ಲದ ‘ಬೇಸ್ ಕ್ರೀಮ್’ ಹಚ್ಚಬೇಡಿ: ಕಲಬುರಗಿಯಲ್ಲಿ ನನ್ನ ತಂಗಿಗೆ ಆಗಿದ್ದು

‘ಮೇಕಪ್ ಮಾಡ್ಕೊಳ್ಳೋ ಮುಂಚೆ ಇದನ್ನ ಹಚ್ರಿ, ಮಾರಿ ಫಳಫಳ ಹೊಳೀತದ’ ಎಂದು ಯಾರಾದರೂ ಹೆಸರಿಲ್ಲದ ಸಣ್ಣ ಡಬ್ಬಿಯೊಂದನ್ನು ಕೈಗಿಟ್ಟರೆ, ದಯವಿಟ್ಟು ಅಲ್ಲೇ ವಾಪಸ್ ಕೊಟ್ಟುಬಿಡಿ. ಬೆಲೆ ಎಷ್ಟೇ ಕಡಿಮೆ ಇರಲಿ, ಕೊಡುವವರು ಎಷ್ಟೇ ಪರಿಚಯದವರಾಗಿರಲಿ. ನನ್ನ ತಂಗಿ ಇದರಿಂದ ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಕಡೆಯ ಹೆಣ್ಣುಮಕ್ಕಳು, ಅದರಲ್ಲೂ ಈಗಷ್ಟೇ ಕೆಲಸಕ್ಕೆ ಸೇರಿದವರು, ಮದುವೆ ಗೊತ್ತಾದವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ತಂಗಿಗೆ ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ದಿನಾ ಹೋಗುವಾಗ ಸ್ವಲ್ಪ ಚೆಂದ ಕಾಣಬೇಕು, ಅಷ್ಟೇ ಅವಳ ಆಸೆ. ಒಂದು ಫೌಂಡೇಶನ್, ಕಾಡಿಗೆ, ತಿಳಿ ಬಣ್ಣದ ಲಿಪ್‌ಸ್ಟಿಕ್ ತರೋಣವೆಂದು ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದಳು. ಅಂಗಡಿಯವರು ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್ ಕೊಟ್ಟರು. ಜೊತೆಗೆ ‘ಬೇಸ್ ಕ್ರೀಮ್’ ಎಂದು ಒಂದು ಬಿಳಿ ಡಬ್ಬಿ. ರಾತ್ರಿ ಹಚ್ಚಿ ಮಲಗಬೇಕು, ಬೆಳಿಗ್ಗೆ ಮೇಕಪ್ ಕೆಳಗೂ ತೆಳ್ಳಗೆ ಹಚ್ಚಬೇಕಂತೆ. ಡಬ್ಬಿ ಮೇಲೆ ಕಂಪನಿ ಹೆಸರಿಲ್ಲ, ತಾರೀಖಿಲ್ಲ, ಒಳಗೆ ಏನಿದೆ ಎಂಬ ಒಂದು ಸಾಲೂ ಇಲ್ಲ. ‘ಎಲ್ಲಾರೂ ಇದನ್ನೇ ಒಯ್ತಾರ, ಏನೂ ಆಗಂಗಿಲ್ಲ’ ಎಂದು ಹೇಳಿ ಕಳಿಸಿದರು.

ಮೊದಲ ಕೆಲವು ವಾರ ಮುಖ ನಿಜಕ್ಕೂ ತಿಳಿಯಾಯಿತು. ಹಳೆಯ ಮೊಡವೆ ಕಲೆಗಳು ಮಾಸಿದವು. ಫೌಂಡೇಶನ್ ನುಣ್ಣಗೆ ಕೂತಿತು. ಮನೆಗೆ ಬಂದವರೆಲ್ಲ ‘ಏನ್ ಹಚ್ಚೀದಿ’ ಎಂದು ಕೇಳೋರು. ಜನ ಈ ಕ್ರೀಮ್‌ಗೆ ಮರುಳಾಗೋದು ಈ ಹಂತದಲ್ಲೇ. ಕಣ್ಣೆದುರಿಗೆ ಫಲ ಕಾಣುವಾಗ ಅನುಮಾನ ಬರೋದಾದರೂ ಹೇಗೆ?

ಬೇಸಿಗೆ ಶುರುವಾದಾಗ ತೊಂದರೆ ಕಾಣಿಸಿತು. ನಮ್ಮ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42-43 ಡಿಗ್ರಿ ಮಾಮೂಲು. ಮನೆಯಿಂದ ಬಸ್ ಸ್ಟಾಪ್‌ವರೆಗೆ ನಡೆದರೂ ಸಾಕು, ಕೆನ್ನೆ ಉರಿ ಹತ್ತುತ್ತಿತ್ತು. ಆಮೇಲೆ ಅಫಜಲಪುರದ ಕಡೆ ಸಂಬಂಧಿಕರ ಮನೆಗೆ ಹೋಗುವಾಗ ಡಬ್ಬಿ ಮರೆತು ಹೋದಳು. ಕೆಲವೇ ದಿನಗಳಲ್ಲಿ ಮುಖ ಕೆಂಪಾಗಿ ಊದಿಕೊಂಡಿತು. ಬಾಯಿ ಸುತ್ತ, ಗಲ್ಲದ ಮೇಲೆ ಸಣ್ಣ ಸಣ್ಣ ಗುಳ್ಳೆ. ತುರಿಕೆ, ಉರಿ. ವಾಪಸ್ ಬಂದು ಮತ್ತೆ ಅದೇ ಕ್ರೀಮ್ ಹಚ್ಚಿದಾಗ ಎಲ್ಲ ತಣ್ಣಗಾಯಿತು. ಆದ್ದರಿಂದ ಅವಳಿಗೂ ಮನೆಯವರಿಗೂ ಅನಿಸಿದ್ದು, ಹಳ್ಳಿಯ ನೀರು ಒಗ್ಗಲಿಲ್ಲ, ಕ್ರೀಮ್ ಒಳ್ಳೇದೇ ಅಂತ.

ಹೀಗೇ ಕೆಲವು ತಿಂಗಳು ನಡೆಯಿತು. ಒಂದು ರಾತ್ರಿ ಹಚ್ಚದಿದ್ದರೂ ಬೆಳಿಗ್ಗೆ ಮುಖ ಕೆಂಪು. ಕೆನ್ನೆ ಮೇಲೆ ಕೆಂಪು ದಾರದೆಳೆಯಂಥ ನರಗಳು ಕಾಣತೊಡಗಿದವು. ಕಿವಿ ಪಕ್ಕದಲ್ಲಿ ಸಣ್ಣ ಕೂದಲು ಜಾಸ್ತಿಯಾಯಿತು. ಫೌಂಡೇಶನ್ ಹಚ್ಚಿದರೆ ಅಲ್ಲಲ್ಲಿ ಸಿಪ್ಪೆ ಎದ್ದು ಬರುತ್ತಿತ್ತು. ಅಂಗಡಿಗೆ ಹೋಗಿ ಕೇಳಿದರೆ, ‘ಒಳಗಿನ ಕೆಟ್ಟದ್ದು ಹೊರಗ ಬರ್ಲಿಕತ್ತದ, ನಡುವ ಬಿಡಬ್ಯಾಡ್ರಿ’ ಎಂದು ಇನ್ನೊಂದು ಡಬ್ಬಿ ಕೊಡೋಕೆ ಬಂದರು. ಈ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಉರಿಯುವ ಮುಖ ತೋರಿಸಿದ ಹುಡುಗಿಗೆ ಅದನ್ನೇ ಮತ್ತೆ ಹಚ್ಚು ಎನ್ನೋದು ಎಂಥ ಮನಸ್ಸು?

ಚರ್ಮದ ವೈದ್ಯರು ಅವಳ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆಯೇ, ‘ಯಾವ ಕ್ರೀಮ್ ಹಚ್ಚುತ್ತಿದ್ದಿ, ಎಷ್ಟು ದಿನದಿಂದ?’ ಇಂಥ ಮುಖಗಳನ್ನು ಅವರು ದಿನಾ ನೋಡುತ್ತಾರಂತೆ. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಲಕ್ಷಣಗಳೆಲ್ಲ ಸ್ಟೀರಾಯ್ಡ್ ಬೆರೆತ ಕ್ರೀಮ್‌ನವು. ಸ್ಟೀರಾಯ್ಡ್ ಚರ್ಮದ ಕೆಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದಕ್ಕೇ ಮೊದಮೊದಲು ಮುಖ ಬಿಳುಪಾಗಿ, ನುಣುಪಾಗಿ ಕಾಣುತ್ತದೆ. ಹಚ್ಚುತ್ತಾ ಹೋದಂತೆ ಚರ್ಮ ತೆಳ್ಳಗಾಗುತ್ತದೆ. ನಿಲ್ಲಿಸಿದ ಕೂಡಲೇ ಕುಗ್ಗಿದ್ದ ನಾಳಗಳು ಹಿಗ್ಗಿ, ಮುಖ ಕೆಂಪಾಗಿ ಉರಿಯುತ್ತದೆ. ಉರಿ ತಾಳಲಾರದೆ ಜನ ಮತ್ತೆ ಹಚ್ಚುತ್ತಾರೆ. ಹೀಗೆ ಕ್ರೀಮ್ ಬಿಡೋಕೇ ಆಗದಂತಾಗುತ್ತದೆ.

ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಮೂರೂ ಸ್ಟೀರಾಯ್ಡ್‌ಗಳು. ಮೊಮೆಟಾಸೋನ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿಸಿದ ಟ್ಯೂಬ್‌ಗಳೂ ಇವೆ. ಅವು ಬಂಗು, ಅಂದರೆ ಮುಖದ ಮೇಲಿನ ಕಂದು ಕಲೆಗಳಿಗೆ ವೈದ್ಯರು ಸ್ವಲ್ಪ ಕಾಲ ಕೊಡುವ ಔಷಧಿ. ದಿನಾ ಹಚ್ಚುವ ಫೇರ್‌ನೆಸ್ ಕ್ರೀಮ್ ಅಲ್ಲ. ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಹಾಗಿದ್ದರೂ ಇವು ಡಬ್ಬಿ ಬದಲಾಯಿಸಿಕೊಂಡು, ‘ನೈಟ್ ಕ್ರೀಮ್’, ‘ಬೇಸ್’ ಎಂಬ ಹೆಸರಲ್ಲಿ ಮೇಕಪ್ ಸಾಮಾನಿನ ಜೊತೆ ಬರುತ್ತವೆ.

ಇನ್ನೊಂದು ಭಯ ಪಾದರಸದ್ದು. ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ಅದು ತಡೆಯುತ್ತದೆ, ಅದಕ್ಕೇ ಕೆಲವು ಬಿಳುಪು ಕ್ರೀಮ್‌ಗಳಲ್ಲಿ ಸೇರಿಸುತ್ತಾರೆ. ಪಾದರಸ ಚರ್ಮದ ಮೂಲಕ ಮೈಗೆ ಇಳಿದು ಕಿಡ್ನಿ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಕಂಡುಬಂದದ್ದು 2023ರಲ್ಲಿ ಸುದ್ದಿಯಾಗಿತ್ತು. ಕಾಲು, ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಬಂದರೆ ಕಡೆಗಣಿಸಬೇಡಿ. ಒಂದು ಗುರುತು ಹೇಳುತ್ತೇನೆ: ‘ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ’ ಎಂದು ಡಬ್ಬಿ ಮೇಲೆ ಬರೆದಿದ್ದರೆ ಅದರಲ್ಲಿ ಪಾದರಸ ಇರಬಹುದು. ಪಾದರಸ ಒಡವೆಗೆ ಅಂಟಿ ಅದನ್ನು ಕೆಡಿಸುತ್ತದೆ. ‘ಕ್ಯಾಲೊಮೆಲ್’, ‘ಮರ್ಕ್ಯುರಿ’, ‘ಮರ್ಕ್ಯುರಸ್ ಕ್ಲೋರೈಡ್’ ಎಂಬ ಪದ ಕಂಡರೂ ಅಷ್ಟೇ. ಇದು ಹಚ್ಚಿದವರಿಗೆ ಮಾತ್ರ ನಿಲ್ಲುವ ವಿಷವಲ್ಲ. ಅದೇ ಟವೆಲ್, ಅದೇ ದಿಂಬು ಬಳಸುವ ಮಕ್ಕಳಿಗೂ ತಾಗುತ್ತದೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು ಎಂಬ ತಾರೀಖು, ಒಳಗಿರುವ ಪದಾರ್ಥಗಳ ಪಟ್ಟಿ. ಹೊರದೇಶದ್ದಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ನೋಂದಣಿ ನಂಬರ್ ಇರಲೇಬೇಕು. ‘ದುಬೈ ಮಾಲು, ಪಾಕಿಸ್ತಾನಿ ಕ್ರೀಮ್’ ಎಂದು ಹೆಮ್ಮೆಯಿಂದ ಹೇಳಿ ಮಾರುವ ಡಬ್ಬಿಗಳನ್ನು ತಿರುಗಿಸಿ ನೋಡಿ, ಈ ವಿವರಗಳು ಬಹಳ ಸಲ ಇರೋದಿಲ್ಲ. ಬಿಲ್ ಕೇಳಿ. ಬಿಲ್ ಕೊಡಲ್ಲ ಎನ್ನುವ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವುದನ್ನು ಕೊಳ್ಳಬೇಡಿ.

ಈ ಎಲ್ಲದರ ಬುಡದಲ್ಲಿ ಇರುವುದು ಆ ಎರಡು ಶೇಡ್ ತಿಳಿಯಾದ ಫೌಂಡೇಶನ್. ಮುಖಕ್ಕೆ ಬೆಳ್ಳಗಿನದು ಹಚ್ಚಿದರೆ ಕುತ್ತಿಗೆ ಬೇರೆ, ಮುಖ ಬೇರೆ ಕಾಣುತ್ತದೆ. ಆಗ ಆ ವ್ಯತ್ಯಾಸ ಮುಚ್ಚಲು ಬಿಳುಪು ಕ್ರೀಮ್ ಬೇಕು ಅನಿಸುತ್ತದೆ. ನಮ್ಮ ಕಡೆಯ ಮಣ್ಣಿನ ಬಣ್ಣದ ಮುಖಗಳಿಗೆ ಒಪ್ಪುವ ಶೇಡ್‌ಗಳು ಈಗ ಬೇಕಾದಷ್ಟು ಸಿಗುತ್ತವೆ. ಕೇಳಿ ತೆಗೆಸಿ. ಶೇಡ್ ನೋಡುವಾಗ ಮುಂಗೈ ಮೇಲೆ ಹಚ್ಚಬೇಡಿ, ಕೈಯ ಬಣ್ಣವೇ ಬೇರೆ. ದವಡೆಯ ಅಂಚಿಗೆ ಒಂದು ಗೆರೆ ಎಳೆದು, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲ ಬಳಿ ಹಗಲು ಬೆಳಕಲ್ಲಿ ನೋಡಿ. ಸ್ವಲ್ಪ ಹೊತ್ತು ಕಾಯಿರಿ, ಎಷ್ಟೋ ಫೌಂಡೇಶನ್‌ಗಳು ಗಾಳಿಗೆ ಒಂದಿಷ್ಟು ಗಾಢವಾಗುತ್ತವೆ. ಗೆರೆ ಕುತ್ತಿಗೆಯಲ್ಲೂ ಮುಖದಲ್ಲೂ ಮಾಯವಾದರೆ ಅದೇ ನಿಮ್ಮ ಶೇಡ್.

ದಿನನಿತ್ಯಕ್ಕೆ ಇಡೀ ಮುಖಕ್ಕೆ ಫೌಂಡೇಶನ್ ಬೇಕಾಗಿಯೂ ಇಲ್ಲ. ಈಗ ತಂಗಿಗೆ ಮುಖ ಸುಧಾರಿಸಿದ ಮೇಲೆ ವೈದ್ಯರ ಒಪ್ಪಿಗೆಯಿಂದ ನಾವು ಮಾಡುವುದು ಹೀಗೆ. ಸೌಮ್ಯವಾದ ಫೇಸ್‌ವಾಶ್, ತೆಳ್ಳಗೆ ಮಾಯಿಶ್ಚರೈಸರ್, ಆಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವ ಸನ್‌ಸ್ಕ್ರೀನ್. ಎರಡು ಬೆರಳ ಉದ್ದಕ್ಕೆ ಹಿಂಡಿದಷ್ಟು ಸನ್‌ಸ್ಕ್ರೀನ್ ಮುಖ, ಕುತ್ತಿಗೆಗೆ ಬೇಕು. ಚಿಟಿಕೆಯಷ್ಟು ಹಚ್ಚಿದರೆ ಕೆಲಸ ಮಾಡಲ್ಲ. ಅದು ಕೂರಲು ಕೆಲವು ನಿಮಿಷ ಬಿಡಿ. ಆಮೇಲೆ ಕಲೆ ಇರುವ ಕಡೆ ಮಾತ್ರ ಫೌಂಡೇಶನ್ ಚುಕ್ಕಿ ಇಟ್ಟು, ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ತಟ್ಟಿ. ಉಜ್ಜಬೇಡಿ, ಉಜ್ಜಿದರೆ ಕೆಳಗಿನ ಸನ್‌ಸ್ಕ್ರೀನ್ ಎದ್ದು ಬರುತ್ತದೆ. ಹಣೆ, ಮೂಗು, ಗಲ್ಲಕ್ಕೆ ಮಾತ್ರ ಒಂಚೂರು ಕಾಂಪ್ಯಾಕ್ಟ್. ಮಧ್ಯಾಹ್ನ ಬೆವರಿದರೆ ಬೆವರಿನ ಮೇಲೆ ಪೌಡರ್ ಬಳಿಯೋದು ಬೇಡ, ಗಂಟು ಗಂಟಾಗುತ್ತದೆ. ಮೊದಲು ಟಿಶ್ಯೂ ಅಥವಾ ಶುಭ್ರ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಬಿಸಿಲಲ್ಲಿ ಓಡಾಡುವವರು ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಮತ್ತೆ ಹಚ್ಚಬೇಕು.

ಲಿಪ್‌ಸ್ಟಿಕ್ಕನ್ನು ಬೆರಳಲ್ಲಿ ತೆಗೆದು ತುಟಿಗೆ ಒತ್ತಿದರೆ ಬಣ್ಣ ಹಗುರವಾಗಿ ಕೂರುತ್ತದೆ, ಶಾಲೆ, ಆಫೀಸಿಗೆ ಅಷ್ಟು ಸಾಕು. ಅಂಗಡಿಯ ಟೆಸ್ಟರನ್ನು ನೇರ ತುಟಿಗೆ ಮಾತ್ರ ತಾಗಿಸಬೇಡಿ.

ಕಾಡಿಗೆ ಬಗ್ಗೆ ಸ್ವಲ್ಪ ಹೇಳಲೇಬೇಕು. ಜಾತ್ರೆ, ಉರುಸಿನಲ್ಲಿ ಬಿಡಿಯಾಗಿ ಸಿಗುವ ಕೆಲವು ಸುರ್ಮಾ ಪುಡಿಗಳಲ್ಲಿ ಸೀಸ ಇರುತ್ತದೆ. ಮಕ್ಕಳ ಕಣ್ಣಿಗೆ ಅದನ್ನು ಹಚ್ಚಲೇಬೇಡಿ. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ದೊಡ್ಡವರೂ ಕಾಡಿಗೆ ಪೆನ್ಸಿಲನ್ನು ಅಕ್ಕ-ತಂಗಿಯರ ನಡುವೆ ಹಂಚಿಕೊಳ್ಳೋದು ಬೇಡ. ಒಬ್ಬರ ಕಣ್ಣಿನ ಸೋಂಕು ಇನ್ನೊಬ್ಬರಿಗೆ ಬರೋದು ಹೀಗೇ. ಮಸ್ಕಾರಾ ತೆರೆದ ಮೇಲೆ ಮೂರ್ನಾಲ್ಕು ತಿಂಗಳಿಗೆ ಬಿಸಾಡಿ. ಸ್ಟಿಕರ್ ಬಿಂದಿಯ ಜಾಗದಲ್ಲಿ ತುರಿಕೆ ಅಥವಾ ಬಿಳಿ ಚುಕ್ಕೆ ಕಂಡರೆ ಕೂಡಲೇ ನಿಲ್ಲಿಸಿ. ಕೆಲವು ಬಿಂದಿಗಳ ಅಂಟು ಚರ್ಮದ ಬಣ್ಣವನ್ನೇ ಕಳೆಯುತ್ತದೆ, ಆ ಬಿಳುಪು ಎಷ್ಟೋ ಸಲ ಹಾಗೇ ಉಳಿಯುತ್ತದೆ.

ಹೊಸದು ಏನೇ ತಂದರೂ ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಹಚ್ಚಿ ಕೆಲವು ದಿನ ನೋಡಿ. ಮದುವೆ ಹಿಂದಿನ ದಿನ ಹೊಸ ಕ್ರೀಮ್, ಹೊಸ ಫೇಶಿಯಲ್ ಖಂಡಿತ ಬೇಡ. ಆದರೆ ಈ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ಕಿಬೀಳಲ್ಲ ಅನ್ನೋದು ನೆನಪಿರಲಿ. ಅಲರ್ಜಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಗೊತ್ತಾಗುತ್ತದೆ. ಸ್ಟೀರಾಯ್ಡ್ ಮೊದಲು ಚೆಂದವನ್ನೇ ತೋರಿಸುತ್ತದೆ. ಹಾಗಾಗಿ ಲೇಬಲ್ ಓದದೆ ಬೇರೆ ದಾರಿಯಿಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವ ಮನೆಮದ್ದೂ ಬೇಡ, ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ.

ಈಗಾಗಲೇ ಇಂಥ ಕ್ರೀಮ್ ಹಚ್ಚುತ್ತಿರುವವರಿಗೆ: ಹೆದರಬೇಡಿ, ನಾಚಬೇಡಿ. ಚರ್ಮದ ವೈದ್ಯರ ಹತ್ತಿರ ಹೋಗಿ. ಹೇಗೆ ಬಿಡಬೇಕು, ಒಮ್ಮೆಲೇ ಬಿಡಬೇಕೋ ನಿಧಾನಕ್ಕೋ, ಉರಿ ತಡೆಯಲು ಏನು ಹಚ್ಚಬೇಕು ಎಂಬುದನ್ನು ಅವರು ನಿಮ್ಮ ಮುಖ ನೋಡಿ ಹೇಳುತ್ತಾರೆ. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗವಿದೆ. ಬಿಟ್ಟ ಮೇಲೆ ಮೊದಲ ಕೆಲವು ವಾರ ಮುಖ ಇನ್ನೂ ಕೆಟ್ಟು ಕಾಣುತ್ತದೆ, ಆ ದಿನಗಳೇ ಕಷ್ಟ. ಮನೆಯವರು ಆಗ ‘ಏನಾಯ್ತು ಮಾರಿಗೆ’ ಎಂದು ಪದೇ ಪದೇ ಕೇಳದೆ ಜೊತೆಗಿರಿ. ತಂಗಿಗೆ ಚರ್ಮ ಸುಧಾರಿಸಲು ತಿಂಗಳುಗಟ್ಟಲೆ ಹಿಡಿಯಿತು. ಕೆನ್ನೆಯ ಕೆಂಪು ನರಗಳು ಪೂರ್ತಿ ಹೋಗಿಲ್ಲ.

ಖಾಲಿಯಾದ ಡಬ್ಬಿಯನ್ನೂ ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಇಡಿ, ವೈದ್ಯರಿಗೆ ತೋರಿಸಿ. ಬಿಲ್ ಇದ್ದರೆ ಅದರ ಫೋಟೋ ತೆಗೆದುಕೊಳ್ಳಿ. ದೂರು ಕೊಡಲು ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿ ಕಲಬುರಗಿಯಲ್ಲೇ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ದೂರು ಕೊಡುವಾಗ ನೆರವಿಗೆ ಬರೋದು ಆ ಡಬ್ಬಿ ಮತ್ತು ಬಿಲ್ಲೇ.