ರೆಪ್ಲಿಕಾಗೆ ಬಂದ ಪಾಸ್‌ವರ್ಡ್ ಬದಲಾವಣೆ: ರೆಫರಲ್, ನೇರ ವಿಳಾಸ ಮತ್ತು ಚೈನ್ ಓವರ್‌ಲೇ
ನಮ್ಮ ಮುಖ್ಯ ಕಚೇರಿಯಲ್ಲಿ ಬಳಕೆದಾರರ ಖಾತೆಗಳನ್ನು ಇಡುವ ಡೈರೆಕ್ಟರಿ ತಂತ್ರಾಂಶವಾದ ಓಪನ್‌ಎಲ್‌ಡ್ಯಾಪ್‌ನ ಪ್ರೊವೈಡರ್, ಅಂದರೆ ಮುಖ್ಯ ಸರ್ವರ್, ಇದೆ; ಶಾಖಾ ಕಚೇರಿಯಲ್ಲಿ ಅದರ ರೆಪ್ಲಿಕಾ, ಅಂದರೆ ಓದಲಷ್ಟೇ ಬರುವ ಪ್ರತಿ, ಇದೆ. ರೆಪ್ಲಿಕಾಗೆ ಬರೆಯುವ ಅಧಿಕಾರವಿಲ್ಲದ ಕಾರಣ ಶಾಖೆಯವರು ಪಾಸ್‌ವರ್ಡ್ ಬದಲಿಸಲು ಹೊರಟರೆ ಅದು ಪ್ರೊವೈಡರ್‌ನ ವಿಳಾಸವನ್ನು ರೆಫರಲ್ (‘ಅಲ್ಲಿ ಹೋಗಿ ಕೇಳಿ’ ಎಂಬ ಸೂಚನೆ) ಆಗಿ, ಅಂದರೆ ಫಲಿತಾಂಶ ಸಂಖ್ಯೆ 10ರೊಂದಿಗೆ, ಹಿಂತಿರುಗಿಸುತ್ತದೆ. ಮೂರು ದಾರಿಗಳನ್ನು ಪ್ರಯತ್ನಿಸಿದ ಮೇಲೆ ನಾನು ಚೈನ್ ಓವರ್‌ಲೇಯನ್ನೇ (ಸರ್ವರ್‌ಗೆ ಸೇರಿಸುವ ಒಂದು ಹೆಚ್ಚುವರಿ ಘಟಕ) ಉಳಿಸಿಕೊಂಡಿದ್ದೇನೆ.

ರೆಫರಲ್ ಅನ್ನು ಹಾಗೆಯೇ ಬಿಟ್ಟರೆ ಅದನ್ನು ಹಿಂಬಾಲಿಸುವ ಹೊಣೆ ಪ್ರತಿಯೊಂದು ಕ್ಲೈಂಟ್‌ನ ಮೇಲೆ ಬೀಳುತ್ತದೆ. ಬಳಕೆದಾರರ ಗುರುತಿನೊಂದಿಗೆ ಮತ್ತೆ ಬೈಂಡ್ ಮಾಡಲು (ಲಾಗಿನ್ ಆಗಲು) ಬಾರದ ಕ್ಲೈಂಟ್ ಅನಾಮಿಕವಾಗಿ ಹೋಗಿ ನಿರಾಕರಣೆ ಪಡೆದು ಬರುತ್ತದೆ. ನಮ್ಮ ವೆಬ್‌ಮೇಲ್‌ಗೆ ಆದದ್ದು ಇದೇ.

ಲಿನಕ್ಸ್ ಯಂತ್ರಗಳ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿಯಲ್ಲಿ ಪಾಸ್‌ವರ್ಡ್ ಬದಲಾವಣೆಗಾಗಿಯೇ ಪ್ರತ್ಯೇಕ ಸರ್ವರ್ ವಿಳಾಸ ಕೊಡುವ ಸೌಲಭ್ಯವಿದೆ. ಲಿನಕ್ಸ್ ಯಂತ್ರಗಳಷ್ಟೇ ಇರುವಲ್ಲಿ ಇದು ಸಾಕು. ನಮ್ಮಲ್ಲಿ ವೆಬ್‌ಮೇಲ್ ಸಮಸ್ಯೆ ಹಾಗೆಯೇ ಉಳಿಯಿತು, ಜೊತೆಗೆ ಶಾಖೆಯ ಪ್ರತಿ ಯಂತ್ರಕ್ಕೂ ಫೈರ್‌ವಾಲ್ ತೆರೆಯಬೇಕಾಯಿತು.

ಚೈನ್ ಓವರ್‌ಲೇ ಇದ್ದರೆ ರೆಪ್ಲಿಕಾವೇ ಕೋರಿಕೆಯನ್ನು ಪ್ರೊವೈಡರ್‌ಗೆ ಒಯ್ದು, ಉತ್ತರವನ್ನು ಕ್ಲೈಂಟ್‌ಗೆ ತಂದುಕೊಡುತ್ತದೆ. ರೆಪ್ಲಿಕಾ ತನ್ನದೇ ಖಾತೆಯಲ್ಲಿ ಬೈಂಡ್ ಆಗಿ, ಬಳಕೆದಾರರ ಪರವಾಗಿ ಮಾತನಾಡುತ್ತದೆ. ಇದನ್ನು ಯಾವುದೋ ಒಂದು ಡೇಟಾಬೇಸ್‌ನೊಳಗೆ ಇಡದೆ, ಎಲ್ಲಕ್ಕೂ ಮೇಲಿನ ಜಾಗತಿಕ ಮಟ್ಟದಲ್ಲಿ ಇಡಬೇಕು. ನಾನು ಹಾಗೆಯೇ ಇಟ್ಟಿದ್ದರೂ ಕ್ಲೈಂಟ್‌ಗೆ ಮತ್ತೆ ಅದೇ 10 ಬರುತ್ತಿತ್ತು. ಓವರ್‌ಲೇ ಕೆಲಸವನ್ನೇ ಆರಂಭಿಸಿಲ್ಲವೆಂದು ಭಾವಿಸಿ ಎರಡು ಸಂಜೆ ರೆಪ್ಲಿಕಾದ ಸಂರಚನೆಯನ್ನೇ ತಿದ್ದುತ್ತಾ ಕುಳಿತೆ. ಅದು ತಪ್ಪು ಊಹೆ. ಪ್ರೊವೈಡರ್‌ನಲ್ಲಿ ವಿಫಲವಾದ ಕೋರಿಕೆಗೂ ಓವರ್‌ಲೇ ಮೂಲ ರೆಫರಲ್ಲನ್ನೇ ಹಿಂತಿರುಗಿಸುವುದರಿಂದ ನಿಜವಾದ ಕಾರಣ ಕಾಣುತ್ತಿರಲಿಲ್ಲ. ದೋಷವನ್ನೇ ಹಿಂತಿರುಗಿಸುವ ಚೈನ್-ರಿಟರ್ನ್-ಎರರ್ ಆಯ್ಕೆಯನ್ನು ಟ್ರೂ ಮಾಡಿ, ಪ್ರೊವೈಡರ್‌ನ ಲಾಗ್ ತೆರೆದಾಗ ವಿಷಯ ತಿಳಿಯಿತು: ರೆಪ್ಲಿಕಾ ಖಾತೆಯ ಬೈಂಡ್ ಯಶಸ್ವಿಯಾಗಿತ್ತು, ಮರುಕ್ಷಣವೇ ಮತ್ತೊಬ್ಬರ ಗುರುತಿನಲ್ಲಿ ಕೆಲಸ ಮಾಡಲು ಅದಕ್ಕೆ ಅನುಮತಿ ನಿರಾಕರಿಸಲಾಗಿತ್ತು.

ಕಾರಣ ಸರಳವಾಗಿತ್ತು. ಒಬ್ಬರು ಮತ್ತೊಬ್ಬರ ಪರವಾಗಿ ವರ್ತಿಸಬಹುದೇ ಎಂದು ನಿರ್ಧರಿಸುವ ಪ್ರೊವೈಡರ್‌ನ ಆಥ್‌ಝಡ್-ಪಾಲಿಸಿ ಮೊದಲಿಂದಲೂ ನನ್ (none, ಯಾರಿಗೂ ಇಲ್ಲ) ಆಗಿರುತ್ತದೆ. ಅದನ್ನು ಟು (to) ಎಂದು ಬದಲಿಸಿ, ರೆಪ್ಲಿಕಾ ಖಾತೆಯ ನಮೂದಿನಲ್ಲಿ, ಯಾರ ಗುರುತನ್ನು ಧರಿಸಬಹುದೆಂದು ಹೇಳುವ ಆಥ್‌ಝಡ್-ಟು ಗುಣಕ್ಕೆ, ಡೈರೆಕ್ಟರಿಯಲ್ಲಿ ಬಳಕೆದಾರರಿರುವ ಭಾಗವನ್ನಷ್ಟೇ ಒಪ್ಪುವ ನಿಯಮ ಬರೆದ ಕೂಡಲೇ ಬದಲಾವಣೆ ನಡೆಯಿತು. ಆಥ್‌ಝಡ್-ಟು ಗುಣವನ್ನು ನಿರ್ವಾಹಕರ ಹೊರತು ಬೇರೆ ಯಾರೂ ಬರೆಯದಂತೆ ನಿಯಂತ್ರಿಸಲೇಬೇಕು. ತನ್ನ ನಮೂದಿನಲ್ಲಿ ಅದನ್ನು ಬರೆಯಬಲ್ಲವನು ಮತ್ತೊಬ್ಬರ ಗುರುತನ್ನೇ ಧರಿಸಬಲ್ಲ. ಪಾಸ್‌ವರ್ಡ್ ಎರಡು ಸರ್ವರ್‌ಗಳ ನಡುವೆ ಸಾಗುವುದರಿಂದ ಸಂಪರ್ಕವನ್ನು ಗೂಢಲಿಪೀಕರಿಸುವ ಟಿಎಲ್‌ಎಸ್ ಕೂಡ ಕಡ್ಡಾಯ.

ತಪ್ಪು ಪಾಸ್‌ವರ್ಡ್‌ಗಳ ಲೆಕ್ಕವನ್ನು ಪ್ರೊವೈಡರ್‌ಗೆ ಕಳುಹಿಸಲು ಪಾಸ್‌ವರ್ಡ್ ನಿಯಮಗಳ ಓವರ್‌ಲೇಯಾದ ಪಿಪಾಲಿಸಿಯ ಫಾರ್ವರ್ಡ್ ಆಯ್ಕೆಗೂ ಇದೇ ಚೈನ್ ಬೇಕು.

ಬದಲಾದ ಪಾಸ್‌ವರ್ಡ್ ಶಾಖೆಯಲ್ಲಿ ತಕ್ಷಣ ಚಲಾವಣೆಗೆ ಬರಬೇಕಾದರೆ ಪ್ರೊವೈಡರ್‌ನಿಂದ ರೆಪ್ಲಿಕಾಗೆ ಬದಲಾವಣೆಗಳನ್ನು ತರುವ ಸಿಂಕ್‌ರೆಪ್ಲ್‌ನ ನಿರಂತರ ಕ್ರಮ ಬೇಕು. ನಾನು ಮೊದಲು ಐದು ನಿಮಿಷಕ್ಕೊಮ್ಮೆ ನವೀಕರಿಸುತ್ತಿದ್ದುದರಿಂದ ಆ ಐದು ನಿಮಿಷ ಹಳೆಯದೇ ಒಪ್ಪಿತವಾಗುತ್ತಿತ್ತು.

ಎರಡೂ ಕಡೆ ಬರೆಯಬಲ್ಲ ಮಲ್ಟಿಪ್ರೊವೈಡರ್ ವ್ಯವಸ್ಥೆಯನ್ನು ನಾನು ಪ್ರಯತ್ನಿಸಲಿಲ್ಲ. ಘರ್ಷಣೆಗಳನ್ನು ಸಮಯಮುದ್ರೆಯಿಂದ ತೀರ್ಮಾನಿಸುವ ಅದನ್ನು ನೋಡಿಕೊಳ್ಳಲು ಇಬ್ಬರೇ ಇರುವ ನಮ್ಮ ತಂಡಕ್ಕೆ ಬಿಡುವಿಲ್ಲ, ಹೊಸ ಯಂತ್ರಕ್ಕೆ ಹಣವೂ ಇಲ್ಲ. ಸಂಪರ್ಕ ಕಡಿದಾಗ ಚೈನ್ ಮೂಲಕ ಪಾಸ್‌ವರ್ಡ್ ಬದಲಾಗುವುದಿಲ್ಲ. ಆದರೆ ಬದಲಾಗಲಿಲ್ಲವೆಂಬುದು ಬಳಕೆದಾರರಿಗೆ ಆ ಕ್ಷಣವೇ ತಿಳಿಯುತ್ತದೆ, ಮತ್ತು ಹುಡುಕಬೇಕಾದ ಲಾಗ್‌ಗಳು ಎರಡೇ.