ವರ್ಗ ಸಾಕೇ, ಎಲ್‌ಡಿ50 ಬೇಕೇ: 420, 423, 425ರಲ್ಲಿ ಯಾವುದು?
ಬಾಯಿಯ ಮೂಲಕ ತೀವ್ರ ವಿಷತ್ವ ಅಳೆಯುವ ಓಇಸಿಡಿಯ (ಪರೀಕ್ಷಾ ಮಾರ್ಗಸೂಚಿಗಳನ್ನು ಹೊರಡಿಸುವ ಅಂತರರಾಷ್ಟ್ರೀಯ ಸಂಸ್ಥೆ) ಹಳೆಯ 401 ವಿಧಾನ 2002ರಲ್ಲೇ ರದ್ದಾಯಿತು. ಅದರ ಬದಲಿಗಿರುವ ಮಾರ್ಗಸೂಚಿಗಳೇ 420, 423, 425. ಎಲ್‌ಡಿ50 ಎಂದರೆ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ.

ಲೇಬಲ್‌ಗೆ ವಿಷದ ವರ್ಗವಷ್ಟೇ ಸಾಕಾದರೆ 420 ಆರಿಸಿ. ಇಲ್ಲಿ ಕಾಯುವುದು ಸಾವಿಗಲ್ಲ, ಸ್ಪಷ್ಟ ವಿಷಲಕ್ಷಣಕ್ಕೆ. ಕೆಜಿ ದೇಹತೂಕಕ್ಕೆ 5, 50, 300 ಇಲ್ಲವೇ 2000 ಮಿಗ್ರಾಂ. ಮೊದಲು ಒಂದೊಂದೇ ಇಲಿ, ಆಮೇಲೆ ಆಯ್ದ ಪ್ರಮಾಣದಲ್ಲಿ ಒಟ್ಟು ಐದು. ತೊಡಕಿರುವುದು ಕಣ್ಣಂದಾಜಿನಲ್ಲಿ. ತೂರಾಡುವ ನಡಿಗೆ, ಏದುಸಿರು, ಅರೆಮುಚ್ಚಿದ ಕಣ್ಣು: ಒಬ್ಬರಿಗೆ ಗಂಭೀರ ಕಂಡದ್ದು ಇನ್ನೊಬ್ಬರಿಗೆ ಮಾಮೂಲಿ. ಲಕ್ಷಣಗಳ ಪಟ್ಟಿಯನ್ನು ಮೊದಲೇ ಬರೆದಿಡಿ.

423ರಲ್ಲೂ ಅವೇ ಪ್ರಮಾಣಗಳು, ಹಂತಕ್ಕೆ ಮೂರು ಇಲಿ. ತೀರ್ಮಾನ ಮಾತ್ರ ಸಾವಿನ ಎಣಿಕೆಯ ಮೇಲೆ.

ಎಲ್‌ಡಿ50 ಅಂಕಿಯೇ ಬೇಕೆಂದರೆ 425. ವಸ್ತುವಿನ ಬಗ್ಗೆ ಮಾಹಿತಿ ಇಲ್ಲದಿದ್ದರೆ ಕೆಜಿಗೆ 175 ಮಿಗ್ರಾಂನಿಂದ ಶುರು, ಒಂದೊಂದೇ ಇಲಿ. ಬದುಕಿದರೆ ಮುಂದಿನ ಇಲಿಗೆ 3.2 ಪಟ್ಟು ಹೆಚ್ಚು, ಸತ್ತರೆ ಅಷ್ಟೇ ಕಡಿಮೆ. ನಡುವೆ ಸಾಮಾನ್ಯವಾಗಿ 48 ಗಂಟೆ. ನಿಧಾನವಾಗಿ, ಐದು ದಿನ ದಾಟಿ ಕೊಲ್ಲುವ ವಸ್ತುವಿಗೆ ಇದು ಒಗ್ಗದು.

ನರಳುವ ಇಲಿಯನ್ನು ನಿಗಾ ಮುಗಿಯುವ 14ನೇ ದಿನದವರೆಗೆ ಇಟ್ಟುಕೊಳ್ಳಬೇಡಿ. ದಯಾಮರಣವೂ ಲೆಕ್ಕದಲ್ಲಿ ಸಾವೇ.